ಕಾವೂರು ಕೆರೆಯ ಗೆಂಡೆಯೂ ಸಂಜೀವನ ಹೊಸ ಕೋಟೂ

ನಮ್ಮ ಮನೆತನದಲ್ಲಿ ಮೀನು ಹಿಡಿಯಲು ಬಾರದವರು ಇಬ್ಬರೇ. ಒಬ್ಬಳು ಆಗ ತೊಟ್ಟಿಲಲ್ಲಿದ್ದ ನನ್ನ ಮಗಳು. ಇನ್ನೊಬ್ಬ ಯಾರೆಂಬುದು ಆ ಭಾನುವಾರದ ಬೆಳಗಿನವರೆಗೆ ನನಗೆ ತಿಳಿದಿರಲಿಲ್ಲ.

ಬೋಳೂರಿನಲ್ಲಿ ನಮ್ಮ ಅಜ್ಜ, ಅಪ್ಪ, ಚಿಕ್ಕಪ್ಪಂದಿರು ಎಲ್ಲರೂ ಕಡಲಿಗೆ ದೋಣಿ ಇಳಿಸಿ, ಬಲೆ ಬೀಸಿ ಬದುಕಿದವರು. ನಾನೊಬ್ಬ ಮಾತ್ರ ಶಾಲೆಯಲ್ಲಿ ಪಾಸಾಗಿಬಿಟ್ಟೆ! ಆ ತಪ್ಪಿಗೆ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತನಾಗಿ ಅರ್ಜಿ ಬರೆಯುತ್ತ ಕುಳಿತೆ. ಆದರೂ ಮೀನು ಹಿಡಿಯುವ ವಿದ್ಯೆ ರಕ್ತದಲ್ಲೇ ಬರುತ್ತದೆ, ಬೇಕಾದಾಗ ತಾನಾಗಿ ಹೊರಗೆ ಬರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು.

ಅದೇ ಆಫೀಸಿನಲ್ಲಿ ನನ್ನ ಎದುರಿನ ಮೇಜು ಸಂಜೀವನದು. ವಾಮಂಜೂರಿನ ಬೇಸಾಯದ ಮನೆಯವನು. ಶಾಲೆಯಲ್ಲಿ ನಮ್ಮಿಬ್ಬರಿಗೆ ಒಂದೇ ಬೆಂಚು, ಆಫೀಸಿನಲ್ಲಿ ಒಂದೇ ಮಸಿಕುಡಿಕೆ. ಸಂಜೆ ಆಫೀಸು ಮುಚ್ಚಿದ ಮೇಲೆ ಇಬ್ಬರೂ ಕದ್ರಿ ಗುಡ್ಡೆ ಹತ್ತಿ ಕೂರುತ್ತಿದ್ದೆವು. ಅಲ್ಲಿ ಏನು ಮಾತಾಡುತ್ತಿದ್ದೆವು ಎಂದು ಕೇಳಿದರೆ ಈಗ ಹೇಳಲು ಬರುವುದಿಲ್ಲ. ಮಾತು ಮುಗಿದು ಎದ್ದ ನೆನಪು ಮಾತ್ರ ಒಂದೂ ಇಲ್ಲ. ಪ್ರತಿ ದಿನವೂ ಅರ್ಧಕ್ಕೇ ಬಿಟ್ಟು ಮನೆಗೆ ಓಡುತ್ತಿದ್ದೆವು.

ಅಂಥ ಸಂಜೀವನಿಗೆ ಬೊಂಬಾಯಿಯ ಒಂದು ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಮಂಗಳವಾರ ಹಡಗು.

ನಾನು ಬಹಳ ಸಂತೋಷವಾದವನಂತೆ ಅವನ ಬೆನ್ನು ತಟ್ಟಿದೆ. ಆಮೇಲೆ ಆಫೀಸಿನ ಹಿಂದಿನ ಬಾವಿಕಟ್ಟೆಗೆ ಹೋಗಿ, ಬಾಯಾರಿಕೆ ಇಲ್ಲದಿದ್ದರೂ ಎರಡು ಚೊಂಬು ನೀರು ಕುಡಿದೆ.

ಸಂಜೀವನಿಗೆ ಕಾಗದ ಬರೆಯುವುದೆಂದರೆ ಆಗದು. ವಾಮಂಜೂರಿಗೆ ನಾಲ್ಕು ಸಾಲು ಬರೆಯಬೇಕಿದ್ದರೂ ನನ್ನ ಕೈಯಲ್ಲೇ ಬರೆಸುತ್ತಿದ್ದ. ಒಮ್ಮೆ ಹಡಗು ಹತ್ತಿದನೆಂದರೆ ಮತ್ತೆ ಸುದ್ದಿಯೇ ಇಲ್ಲ. ಹಾಗಾಗಿ ನಾನೊಂದು ಉಪಾಯ ಹೂಡಿದೆ. ಹೊರಡುವ ಮುಂಚಿನ ಭಾನುವಾರ ಕಾವೂರು ಕೆರೆಯಲ್ಲಿ ಗೆಂಡೆ ಮೀನಿಗೆ ಗಾಳ ಹಾಕುವ ಪಂದ್ಯ. ನಮ್ಮಿಬ್ಬರಲ್ಲಿ ಸೋತವನು ಗೆದ್ದವನಿಗೆ ತಿಂಗಳಿಗೊಂದು ಕಾಗದ ಬರೆಯಬೇಕು, ಉತ್ತರ ಬರಲಿ ಬಾರದಿರಲಿ.

"ಆಯ್ತು," ಎಂದ ಸಂಜೀವ. ಪಾಪ, ಬಲೆಗಾರರ ವಂಶದವನ ಎದುರು ನಿಲ್ಲುವ ಅವನ ಧೈರ್ಯ ನೋಡಿ ನನಗೆ ಕನಿಕರವೇ ಆಯಿತು!

ಮನೆಯಲ್ಲಿ ಹೆಂಡತಿ ಕಮಲ ಕೇಳಿದಳು, "ನೀವು ಗಾಳ ಹಿಡಿದದ್ದು ಯಾವಾಗ?"

"ಹಿಡಿಯುವುದೆಂತ? ರಕ್ತದಲ್ಲೇ ಉಂಟು."

"ರಕ್ತದಲ್ಲಿ ಇದ್ದದ್ದು ಕೈಗೆ ಇಳೀಬೇಕಲ್ಲ?"

ನಾನು ಅಡುಗೆಮನೆಯ ಮೂಲೆಗೆ ಸರಿದೆ. ತೌಡು, ಬೆಲ್ಲ, ಒಂದಿಷ್ಟು ತುಪ್ಪ ಸೇರಿಸಿ, ಗಾಳಕ್ಕೆ ಸಿಕ್ಕಿಸುವ ಉಂಡೆಗಳನ್ನು ಅತ್ಯಂತ ಗುಪ್ತವಾಗಿ ತಯಾರಿಸಿ ಬಾಳೆಎಲೆಯಲ್ಲಿ ಕಟ್ಟಿದೆ. ಕಮಲ ಬುತ್ತಿಗೆ ಕಡುಬು ಮಾಡಿ ಅದನ್ನೂ ಬಾಳೆಎಲೆಯಲ್ಲೇ ಕಟ್ಟಿದಳು. ಎರಡೂ ಕಟ್ಟುಗಳು ಒಂದೇ ಚೀಲಕ್ಕೆ ಬಿದ್ದವು.

ಕೆರೆ ತಲುಪಿದಾಗ ಬಿಸಿಲು ಆಗಷ್ಟೇ ನೀರಿಗೆ ಇಳಿಯುತ್ತಿತ್ತು. ನಮ್ಮ ಜೊತೆಗೆ ಮೂರನೆಯವನು ಲಾಜರಸ್. ದವಾಖಾನೆಯೊಂದರಲ್ಲಿ ಕಂಪೌಂಡರು, ಹಸಿವೆಗೆ ಪ್ರಸಿದ್ಧ. ಷರತ್ತಿಗೆ ಸೇರದೆ ಸುಮ್ಮನೆ ಗಾಳ ಹಾಕಲು ಬಂದವನು. ತೀರ್ಪು ಕೊಡಲು ಕೆರೆಯ ದಂಡೆಯ ಮನೆಯ ದೇಯಕ್ಕನನ್ನು ಒಪ್ಪಿಸಿದೆವು. ಎಪ್ಪತ್ತು ದಾಟಿದ ಹೆಂಗಸು. ಬಾಯಿ ತುಂಬ ಎಲೆ ಅಡಿಕೆ, ಮುಖದಲ್ಲಿ ಹೈಕೋರ್ಟಿನ ಗಾಂಭೀರ್ಯ.

ಸಂಜೀವ ಬಂದ ವೇಷ ನೋಡಿ ನಾವೆಲ್ಲ ಬೆರಗಾದೆವು. ಬೊಂಬಾಯಿಗೆಂದು ಹೊಲಿಸಿದ ಕಪ್ಪು ಕೋಟನ್ನು ಹಾಕಿಕೊಂಡು ಬಂದಿದ್ದ! ದರ್ಜಿ ಕೈಗೆ ಕೊಟ್ಟಂದಿನಿಂದ ಅವನು ಅದನ್ನು ಬಿಚ್ಚಿದ್ದೇ ಕಡಿಮೆ. ಹಡಗಿನ ಟಿಕೆಟೂ ಅದರ ಕಿಸೆಯಲ್ಲೇ. ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅವನು ಮುಟ್ಟಿದಾಗಲೆಲ್ಲ ನಾನು ಕೆರೆಯ ಕಡೆಗೆ ಮುಖ ತಿರುಗಿಸುತ್ತಿದ್ದೆ.

"ಕೋಟು ತೆಗೆದಿಡು ಮಾರಾಯ, ಮೀನು ಹೆದರ್ತದೆ," ಎಂದ ಲಾಜರಸ್.

"ಅಭ್ಯಾಸ ಆಗ್ಲಿ ಅಂತ," ಎಂದ ಸಂಜೀವ.

ಪಂದ್ಯ ಶುರುವಾಯಿತು. ನಾನು ಕಾಲು ಅಗಲಿಸಿ ನಿಂತು, ವಂಶದ ಹಿರಿಯರನ್ನು ನೆನೆದು, ಗಾಳವನ್ನು ಹಿಂದಕ್ಕೆ ಎತ್ತಿ ಬೀಸಿದೆ. ಅದು ಮುಂದಕ್ಕೆ ಬರಲೇ ಇಲ್ಲ! ತಿರುಗಿ ನೋಡಿದರೆ ಲಾಜರಸನ ಟೋಪಿ ಗಾಳದಲ್ಲಿ ತೂಗುತ್ತಿದೆ. ಎರಡನೆಯ ಸಲ ಗೋಳಿಮರದ ಕೊಂಬೆ ಸಿಕ್ಕಿತು. ಸಂಜೀವ ಕೋಟಿನ ಸಮೇತ ಮರ ಹತ್ತಿ ಬಿಡಿಸಿ ಕೊಟ್ಟ. ಮೂರನೆಯ ಸಲ ಗಾಳ ಅಂತೂ ನೀರಿಗೆ ಬಿತ್ತು. ಉಂಡೆ ಸಿಕ್ಕಿಸುವುದು ಮರೆತಿತ್ತು.

"ಇವ ಬೋಳೂರಿನವನಾ?" ದೇಯಕ್ಕ ಸಂಜೀವನನ್ನು ಕೇಳಿದಳು.

"ಹೌದು ದೇಯಕ್ಕ."

"ಅಲ್ಲಿಯವರು ಈಗ ಊಟಕ್ಕೆ ಎಂತ ಮಾಡ್ತಾರೆ?"

ನಾನು ಕೇಳಿಸದವನಂತೆ ಚೀಲಕ್ಕೆ ಕೈ ಹಾಕಿದೆ. ಒಂದು ಬಾಳೆಎಲೆಯ ಕಟ್ಟು ಬಿಚ್ಚಿ ಖಾಲಿಯಾಗಿತ್ತು. ಲಾಜರಸ್ ಬಾಯಿ ಒರೆಸಿಕೊಳ್ಳುತ್ತಿದ್ದ.

"ನಿನ್ನ ಹೆಂಡತಿಯ ಕಡುಬು ಒಳ್ಳೆದುಂಟು ಕೇಶವ. ಸ್ವಲ್ಪ ತರಿತರಿ, ಅಷ್ಟೇ."

"ಅದು ಕಡುಬಲ್ಲವೋ! ಮೀನಿನ ತೌಡುಂಡೆ!"

ಲಾಜರಸ್ ಒಂದು ಕ್ಷಣ ಯೋಚಿಸಿದ. "ಹಾಗಾದ್ರೆ ಮೀನುಗಳಿಗೆ ನಮಗಿಂತ ಚಂದದ ತಿಂಡಿ ಸಿಗ್ತದೆ," ಎಂದು ತನ್ನ ಗಾಳದ ಕಡೆ ಹೋದ.

ಬೇರೆ ದಾರಿಯಿರಲಿಲ್ಲ. ಕಮಲ ಮಾಡಿದ ಕಡುಬನ್ನೇ ಚೂರು ಮಾಡಿ ಗಾಳಕ್ಕೆ ಸಿಕ್ಕಿಸಿದೆ.

ಹೊತ್ತು ಏರಿತು. ಲಾಜರಸನಿಗೆ ಗೇಣುದ್ದದ ಒಂದು ಗೆಂಡೆ ಸಿಕ್ಕಿತು. ಸಂಜೀವನಿಗೆ ಮೊಳದುದ್ದದ್ದು! ನನಗೆ ಸಿಕ್ಕಿದ್ದು ಒಂದು ಆಮೆ. ತೂಕದಲ್ಲಿ ಅದೇ ಹೆಚ್ಚು ಎಂದು ನಾನು ಕಾನೂನುಬದ್ಧವಾಗಿ ವಾದಿಸಿದೆ. ದೇಯಕ್ಕ ಎಲೆ ಅಡಿಕೆ ಉಗಿದು, "ಆಮೆ ಲೆಕ್ಕಕ್ಕಿಲ್ಲ," ಎಂದು ಒಂದೇ ಮಾತಿನಲ್ಲಿ ಕೇಸು ವಜಾ ಮಾಡಿದಳು.

ಗೆಲ್ಲುವ ಆಸೆ ಹೋಯಿತು. ಆದರೆ ಮನೆಗೆ ಹೋಗೋಣ ಎಂದು ಯಾರೂ ಹೇಳಲಿಲ್ಲ. ಸಂಜೀವ ನನ್ನ ಪಕ್ಕಕ್ಕೆ ಬಂದು ಕುಳಿತ. ಎಷ್ಟೋ ಹೊತ್ತು ಇಬ್ಬರೂ ನೀರು ನೋಡಿದೆವು. ಆ ಮಧ್ಯಾಹ್ನ ಹಾಗೆಯೇ ನಿಂತುಬಿಡಲಿ, ಮೀನು ಬೇಡ, ಗೆಲುವು ಬೇಡ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಸರಿಯಾಗಿ ಆಗಲೇ ದಾರ ಎಳೆಯಿತು!

ಅಂತಿಂಥ ಎಳೆತವಲ್ಲ. ಎಮ್ಮೆ ಹಗ್ಗ ಎಳೆದಂತೆ! ನೀರಿನ ಮೇಲೆ ಒಂದು ಬೆನ್ನು ಮಿಂಚಿ ಮುಳುಗಿತು. ಕಮಲಳ ಕಡುಬಿಗೆ ಕಾವೂರು ಕೆರೆಯ ಯಜಮಾನನೇ ಬಂದಿದ್ದ.

"ಬಿಡ್ಬೇಡ ಕೇಶವ!" ಎಂದು ಕೂಗಿ ಸಂಜೀವ ಹಿಂದಿನಿಂದ ನನ್ನ ಸೊಂಟ ಹಿಡಿದ. ನಾನು ಗೆದ್ದರೆ ಕಾಗದ ಬರೆಯಬೇಕಾದವನು ಅವನೇ. ಅದು ಅವನಿಗೆ ನೆನಪಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಹಲ್ಲು ಕಚ್ಚಿ ಎಳೆದ. ಲಾಜರಸ್ ದಂಡೆಯಲ್ಲಿ ಓಡಾಡುತ್ತ ಕೊಂಕಣಿಯಲ್ಲಿ ಸಂತರನ್ನೆಲ್ಲ ಕರೆದ. ನಾನು ಒಂದು ಹೆಜ್ಜೆ ಹಿಂದೆ ಇಡಲು ಹೋದೆ. ಕಾಲಡಿಯಲ್ಲಿ ಪಾಚಿ ಇತ್ತು.

ನಾನು, ಸಂಜೀವ, ಹೊಸ ಕೋಟು, ಎಲ್ಲರೂ ಒಟ್ಟಿಗೆ ಕೆರೆಗೆ!

ಎದ್ದು ನಿಂತಾಗ ಸೊಂಟದವರೆಗೆ ನೀರು, ಮೊಣಕಾಲವರೆಗೆ ಕೆಸರು. ಗಾಳದ ಕೋಲು ಕೆರೆಯ ನಡುವಿಗೆ ತಾನಾಗಿ ಪ್ರಯಾಣ ಮಾಡುತ್ತಿತ್ತು. ನನಗೆ ನಗು ಬಂತು. ಸಂಜೀವ ನಗಲಿಲ್ಲ. ಅವನ ಕೈ ಕಿಸೆಗೆ ಹೋಗಿತ್ತು.

ಟಿಕೆಟು ಹೊರಗೆ ಬಂದಾಗ ಒದ್ದೆ ಹಪ್ಪಳದಂತಿತ್ತು.

ದೇಯಕ್ಕ ಬೈಯುತ್ತಲೇ ನಮ್ಮನ್ನು ಮನೆಗೆ ಕರೆದೊಯ್ದಳು. ಒಲೆಯ ಮೇಲೆ ರೊಟ್ಟಿ ಸುಡುವ ಮಣ್ಣಿನ ಓಡು ಇಟ್ಟು, ಉರಿ ಸಣ್ಣ ಮಾಡಿ, ಅದರ ಮೇಲೆ ಬಾಳೆಎಲೆ ಹಾಸಿ ಟಿಕೆಟನ್ನು ಒಣಗಲು ಹಾಕಿದಳು. ಲಾಜರಸ್ ಹೊರಗೆ ಬಿಸಿಲಿನಲ್ಲಿ ಕೋಟು ಹಿಂಡುತ್ತಿದ್ದ. ದೇಯಕ್ಕನ ಹಳೆಯ ಸೀರೆ ಸುತ್ತಿಕೊಂಡು ನಾವಿಬ್ಬರೂ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತೆವು. ಮದುವೆಗೆ ಕೂತ ಇಬ್ಬರು ಮದುವಣಗಿತ್ತಿಯರ ಹಾಗೆ!

ಸಂಜೀವ ಒಲೆ ನೋಡುತ್ತಲೇ ಕೇಳಿದ, "ಬೇಕೂಂತ ಜಾರಿದ್ದಾ?"

"ಛೆ! ಎಂತ ಮಾತು ಅದು?" ಎನ್ನಬೇಕಿತ್ತು. ಜಾರಿದ್ದು ಪಾಚಿಯಿಂದಲೇ, ದೇವರಾಣೆ. ಆದರೆ ಟಿಕೆಟು ಒದ್ದೆಯಾದದ್ದು ಕಂಡಾಗ ಒಳಗೆ ಏನೋ ಒಂದು ಹಗುರವಾದದ್ದೂ ನಿಜ.

"ಜಾರಿದ್ದು ಬೇಕೂಂತ ಅಲ್ಲ. ಆಮೇಲೆ, ಹಡಗು ತಪ್ಪಿದ್ರೆ ತಪ್ಪಲಿ ಅಂತ ಅನ್ನಿಸಿದ್ದು ಮಾತ್ರ ಹೌದು," ಎಂದೆ.

ಸಂಜೀವ ಸೀರೆಯ ಸೆರಗನ್ನು ಹೆಗಲಿಗೆ ಎಳೆದುಕೊಂಡ. "ನನಗೂ ಅನ್ನಿಸಿತು ಮಾರಾಯ," ಎಂದ.

ಹಾಗೆ ಹೇಳಿ, ಮುಂದಕ್ಕೆ ಬಾಗಿ, ಕಾಗದ ಕರಟಿಹೋಗದಂತೆ ಎರಡು ಬೆರಳಿನಲ್ಲಿ ಮೆಲ್ಲಗೆ ಟಿಕೆಟನ್ನು ಮಗುಚಿ ಹಾಕಿದ. ಹೋಗುವವನು ಹೋಗುತ್ತಾನೆ ಎಂದು ನನಗೆ ಆಗ ಗೊತ್ತಾಯಿತು.

ದೇಯಕ್ಕ ಸಂಜೀವನೇ ಗೆದ್ದನೆಂದು ತೀರ್ಪು ಕೊಟ್ಟು, ಅವನ ಗೆಂಡೆಯನ್ನು ತೀರ್ಪಿನ ಫೀಸಿನ ಲೆಕ್ಕಕ್ಕೆ ತಾನೇ ಇಟ್ಟುಕೊಂಡಳು. ದಾರಿಯಲ್ಲಿ ಸಂಜೀವ, "ನಾನೇ ಸೋಲ್ಬೇಕೂಂತ ಇದ್ದೆ. ಆ ಮೀನು ಬಂದು ಸಿಕ್ಕಿತು, ಎಂತ ಮಾಡುದು?" ಎಂದ. ಷರತ್ತಿನ ಪ್ರಕಾರ ಆಮೇಲೆ ಎಷ್ಟೋ ವರ್ಷ ನಾನೇ ಕಾಗದ ಬರೆದೆ. ಅವನಿಂದ ಬಂದ ಉತ್ತರಗಳನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚು.

ಮಂಗಳವಾರ ವಕೀಲರು ಯಾವುದೋ ಅರ್ಜಿ ಹಿಡಿದು ನನ್ನನ್ನು ಬಿಡಲೇ ಇಲ್ಲ. ತಪ್ಪಿಸಿಕೊಂಡು ಬಂದರಿಗೆ ಓಡಿ ಮುಟ್ಟಿದಾಗ ಉಸಿರು ಗಂಟಲಿಗೆ ಬಂದಿತ್ತು. ಹಡಗು ಹೊರಗೆ ಕಡಲಿನಲ್ಲಿ ನಿಲ್ಲುತ್ತದೆ. ಜನರನ್ನು ದೋಣಿಯಲ್ಲಿ ಅಲ್ಲಿಗೆ ಒಯ್ಯುತ್ತಾರೆ. ನೋಡುತ್ತೇನೆ, ಒಂದು ದೊಡ್ಡ ದೋಣಿ ದಡ ಬಿಟ್ಟು ನೂರು ಮಾರು ಹೋಗಿದೆ. ಅದರಲ್ಲಿ ಕಪ್ಪಾಗಿ ಏನೋ ಕಂಡಿತು. ಕೋಟೇ ಇರಬೇಕು!

"ಸಂಜೀವಾ!" ಎಂದು ಕೂಗಿದೆ. ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಎತ್ತಿ ಬೀಸಿದೆ. ಬೀಸುತ್ತ ಬೀಸುತ್ತ ಅಳು ಬಂತು. ಬಂದರಿನ ಕೂಲಿಗಳು ನೋಡುತ್ತಿದ್ದರೂ ನಾಚಲಿಲ್ಲ. "ಹೋಗಬೇಡವೋ!" ಎಂದೂ ಕೂಗಿದೆನಂತೆ. ಅದು ನನಗೆ ನೆನಪಿಲ್ಲ.

ಹಿಂದಿನಿಂದ ಲಾಜರಸ್ ಬಂದು ಹೆಗಲ ಮೇಲೆ ಕೈಯಿಟ್ಟ. "ಯಾರಿಗೆ ಬೀಸುದು ನೀನು?"

"ಸಂಜೀವನಿಗೆ."

"ಅವ ಹೋಗಿ ಅರ್ಧ ಗಂಟೆ ಆಯ್ತು. ನಿನ್ನನ್ನು ಕಾದು ಕಾದು ಕೊನೆಗೆ ಹತ್ತಿದ. ಅದು ಹಂಚಿನ ದೋಣಿ ಮಾರಾಯ."

ಕಣ್ಣೊರೆಸಿಕೊಂಡು ನೋಡಿದೆ. ಹೌದು. ದೋಣಿ ತುಂಬ ಹಂಚು, ಮೇಲೆ ಕಪ್ಪು ತಾಡಪಾಲು.

ಅಷ್ಟರಲ್ಲಿ ಆ ದೋಣಿ ನಿಧಾನವಾಗಿ ತಿರುಗಿತು. ನಾನು ಅಷ್ಟೆಲ್ಲ ಕೂಗಿ ಕರೆದದ್ದಕ್ಕೆ ತಿರುಗಿ ಬಂದದ್ದು ಅದೊಂದೇ. ಅಷ್ಟು ಭಾರವನ್ನು ಹುಟ್ಟು ಹಾಕಿ ದಡಕ್ಕೆ ತಂದು, ಬೆವರು ಸುರಿಸುತ್ತ ದೋಣಿಯವನು ಕೇಳಿದ, "ಎಂತ ಅಣ್ಣ, ದಡದಲ್ಲಿ ಎಂತ ಬಾಕಿ ಆಯ್ತು?"

"ಏನಿಲ್ಲ, ನೀವು ಹೋಗಿ ಬನ್ನಿ," ಎಂದೆ.

ಆಮೇಲೆ ಅವನು ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಬಂದರಿನವರೆಲ್ಲ ಕೆಲಸ ಬಿಟ್ಟು ನಿಂತು ಕೇಳಿದರು. ಲಾಜರಸ್ ಕೂಡ ನನ್ನ ಪರವಾಗಿ ಒಂದು ಮಾತು ಆಡಲಿಲ್ಲ. ನಾನೂ ಆಡಲಿಲ್ಲ. ಬೈಗುಳ ಅಷ್ಟೂ ನ್ಯಾಯವಾಗಿಯೇ ಇತ್ತು.