ಮರಕ್ಕೆ ಕೇಳಿಸುತ್ತದೆ

ಫಾಲ್ಗುಣ ಬಂತೆಂದರೆ ಶಿರಸಿಯ ಆ ಓಣಿಯವರಿಗೆ ಬೆಳಗಿನ ನಿದ್ದೆಯಿಲ್ಲ. ಬೆಳಕು ಹರಿಯುವ ಮೊದಲೇ ಮಂಕಿ ಟೋಪಿ, ಶಾಲುಗಳ ಸಮೇತ ಎಲ್ಲರೂ ಬೀದಿಗಿಳಿಯುತ್ತಾರೆ. ಹೆಸರಿಗೆ ವಾಕಿಂಗು. ನಿಜವಾದ ಕೆಲಸ ಯಾರ ಮನೆಯ ಯಾವ ಮರ ಎಷ್ಟು ಹೂ ಬಿಟ್ಟಿದೆ ಎಂಬ ತನಿಖೆ. ಈ ಮನೆಯ ಗೇರು, ಆ ಮನೆಯ ಚಕ್ಕೋತ, ತಿರುವಿನಲ್ಲಿರುವ ಪನ್ನೇರಳೆ, ಒಂದೊಂದರ ಕೆಳಗೂ ನಿಂತು, ಮೂಗರಳಿಸಿ, ಹೆಣ್ಣು ನೋಡಲು ಬಂದವರ ಹಾಗೆ ಅಭಿಪ್ರಾಯ ಹೇಳಿ ಮುಂದೆ ಹೋಗುತ್ತಾರೆ.

ಗುರುಶಾಂತವ್ವನ ಗೇಟಿನ ಮುಂದೆ ಮಾತ್ರ ಯಾರೂ ನಿಲ್ಲುತ್ತಿರಲಿಲ್ಲ. ಬನವಾಸಿಯ ತವರಿನಿಂದ ಗೊರಟೆ ತಂದು ಅವಳು ಬೆಳೆಸಿದ ಮಾವಿನ ಮರ ಅವಳ ಮನೆಯ ಬದಿಯ ಅಂಗಳದಲ್ಲಿ ದೊಡ್ಡ ಆನೆಯಂತೆ ನಿಂತಿತ್ತು. ರಸ್ತೆಯಿಂದ ನೋಡಿದರೆ ಬರೀ ಎಲೆ. ಜನ ಆ ಗೇಟು ಬಂದಾಗ ಮಾತು ನಿಲ್ಲಿಸಿ, ಸಾವಿನ ಮನೆಯ ಮುಂದೆ ಹಾಯ್ದಂತೆ ಹಾಯ್ದು ಹೋಗುತ್ತಿದ್ದರು. ಗುರುಶಾಂತವ್ವನಿಗೆ ಅದೇ ಉರಿ.

ಆ ಉರಿಗೆ ಸಿಕ್ಕಿಬಿದ್ದವನು ಅವಳ ಮನೆಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದ ಉದಯ. ನಿಲ್ಕುಂದ ಕಡೆಯವನು, ಪೇಟೆಯ ನರ್ಸರಿಯಲ್ಲಿ ಸಸಿ ಮಾರುವ ಕೆಲಸ. ಅವನ ಹೆಂಡತಿ ಮಮತಾ ಒಲೆಯ ಪಕ್ಕದಲ್ಲೇ ಹೊಲಿಗೆ ಮಿಶಿನ್ನು ಇಟ್ಟುಕೊಂಡಿದ್ದಳು. ಹೊಲಿದುಕೊಟ್ಟ ರವಿಕೆಯಲ್ಲಿ ಒಗ್ಗರಣೆಯ ವಾಸನೆ ಬರುತ್ತದೆಂದು ಗಿರಾಕಿಗಳು ಒಬ್ಬೊಬ್ಬರಾಗಿ ತಪ್ಪತೊಡಗಿದ್ದರು. ರಸ್ತೆಗೆ ಕಿಟಕಿಯಿದ್ದ ಗುರುಶಾಂತವ್ವನ ಮುಂದಿನ ಕೋಣೆ ಖಾಲಿ ಬಿದ್ದಿತ್ತು. ಅದನ್ನೊಂದು ಕೇಳಿಕೊಂಡು ಬಾ ಎಂದು ಮಮತಾ ಭಾನುವಾರ ಮುಂಜಾನೆ ಚಾ ಕೊಡುವ ಮೊದಲೇ ಗಂಡನನ್ನು ಹೊರಗೆ ತಳ್ಳಿದಳು.

"ಖೋಲಿ ಕೊಡೋಣಂತ," ಎಂದಳು ಗುರುಶಾಂತವ್ವ. "ಅದಕ್ಕಿಂತ ಮೊದಲ ನೀವು ನನ್ನ ಮರಾನ ಹೆದರಿಸಬೇಕ್ರಿ."

"ಮರ ಹೆದರಿಸೂದಾ? ಎಂತಕ್ಕೆ?"

"ಹೂ ಬಿಡದ ಮರಕ್ಕ ಕೊಡಲಿ ತೋರಿಸಿ ಕಡಿತೀನಿ ಅನ್ನಬೇಕು. ನಾ ಅಡ್ಡ ಬಂದು, ಬ್ಯಾಡ್ರಿ, ಇನ್ನ ಮ್ಯಾಲೆ ಬಿಡತೈತಿ ಅಂತ ಕೈ ಮುಗಿತೀನಿ. ಅದು ಅಂಜಿ ಹೂ ಬಿಡತೈತಿ. ನಮ್ಮ ತವರಾಗ ಹಿಂಗ ಮಾಡ್ತಾರ. ಒಂದ ಮಾತು, ಇದು ನಾಟಕ ಅಂತ ಅದರ ಮುಂದ ಬಾಯಿ ಬಿಡಬ್ಯಾಡ್ರಿ. ಮರಕ್ಕ ಕೇಳಸತೈತಿ."

ಉದಯ ಕೊಡಲಿ ಹಿಡಿದು ಮರದ ಮುಂದೆ ನಿಂತ. ಸಸಿಗಳ ಜೊತೆ ಪ್ರೀತಿಯಿಂದ ಮಾತಾಡಿ ಎಂದು ದಿನವೂ ಗಿರಾಕಿಗಳಿಗೆ ಉಪದೇಶ ಮಾಡುವವನು ಅವನು. ಗಂಟಲು ಸರಿಮಾಡಿಕೊಂಡು, "ನೋಡು ಮಾರಾಯಾ, ಹೂ ಬಿಡದೇ ಇದ್ರೆ ಕಡಿಬೇಕಾಗ್ತದೆ. ಬೇಜಾರ ಮಾಡ್ಕಬೇಡ," ಎಂದ.

"ಇದೇನ್ರೀ, ಮರಕ್ಕ ಅರ್ಜಿ ಕೊಡಾಕತ್ತೀರಿ? ಸಿಟ್ಟಿನಿಂದ ಅನ್ರಿ."

ಉದಯ ಸಿಟ್ಟು ಹುಡುಕಿದ. ತಾನೇ ನೀರು ಹಾಕದೆ ಒಣಗಿಸಿದ ನಿಂಬೆ ಸಸಿಯನ್ನು ತಂದು ಬದಲಿ ಕೊಡಿ ಎಂದ ಗಿರಾಕಿ ನೆನಪಾದ. ದನಿ ತುಸು ಏರಿತು. ಅಷ್ಟರಲ್ಲಿ ಒಳಗೆ ಫೋನು ಹೊಡೆದುಕೊಂಡಿತು. "ಮಗಳದು. ನೀವು ಅನ್ಕೋತ ಇರ್ರಿ, ಬಂದೆ," ಎಂದು ಗುರುಶಾಂತವ್ವ ಒಳಗೆ ಹೋದಳು.

ಕೇಳುವವರಿಲ್ಲದ ಕಾರಣ ಉದಯನಿಗೆ ಧೈರ್ಯ ಬಂತು. ನೆಲಕ್ಕೆ ಕಾಲು ಅಪ್ಪಳಿಸಿದ, ಕೊಡಲಿ ತಿರುಗಿಸಿದ. "ಇವತ್ತು ನಿನ್ನ ಬಿಡೂದಿಲ್ಲ. ಯಾರು ಬಂದು ಬಿಡಿಸ್ತಾರೋ ನೋಡ್ತೆ. ತುಂಡು ತುಂಡು ಮಾಡಿ ಬಚ್ಚಲ ಒಲೆಗೆ ಹಾಕ್ತೆ," ಎಂದು ಕೂಗಿದ.

ಬಿಡಿಸುವವರು ಗೇಟಿನ ಹೊರಗೇ ಇದ್ದರು. ವಾಕಿಂಗಿನ ತಂಡ ಅದೇ ಹೊತ್ತಿಗೆ ಅಲ್ಲಿ ಹಾಯುತ್ತಿತ್ತು. ಮುಂದೆ ಇದ್ದವನು ಜೆರಾಕ್ಸ್ ಅಂಗಡಿಯ ಸುನೀಲ. ಓಣಿಯ ವಾಟ್ಸಾಪ್ ಗುಂಪಿನ ಅಡ್ಮಿನ್ ಅವನೇ. ಮೊದಲು ಮೊಬೈಲು ತೆಗೆದು ವಿಡಿಯೋ ಮಾಡಿ ಗುಂಪಿಗೆ ಹಾಕಿದ, ಆಮೇಲೆ ಗಾಬರಿಯಾದ.

"ಎಂತ ಮಾಡ್ತಾ ಇದೀಯೋ ಉದಯ? ಮರ ಅಪ್ಪಿ ಕಾಡು ಉಳಿಸಿದ ಊರಿದು. ಬನ್ನಿ ಎಲ್ಲ, ಅಪ್ಪಿಕೊಳ್ಳಿ."

ಇಷ್ಟು ವರ್ಷ ಆ ಮರವನ್ನು ತಿರುಗಿಯೂ ನೋಡದ ಜನ ಧಡಧಡ ಒಳನುಗ್ಗಿ, ಕಾಂಡದ ಸುತ್ತ ಕೈಕೈ ಹಿಡಿದು ಅಪ್ಪಿಕೊಂಡರು. ಮರದಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಚಗಳಿಯೆಂಬ ಕೆಂಪಿರುವೆಗಳಿದ್ದವು. ಅವು ಅತಿಥಿಗಳ ಕುತ್ತಿಗೆ, ತೋಳು, ಮಂಕಿ ಟೋಪಿಗಳೊಳಗೆ ಇಳಿದವು. ಅಪ್ಪಿಕೊಂಡವರೆಲ್ಲ ಯಕ್ಷಗಾನದ ಬಾಲಗೋಪಾಲರ ಹಾಗೆ ಕುಣಿಯತೊಡಗಿದರು.

"ಕಚ್ಚಿದ್ರೆ ಕಚ್ಚಲಿ, ಕೈ ಬಿಡಬೇಡಿ," ಎಂದ ಸುನೀಲ, ತನ್ನ ಕೈ ಬಿಟ್ಟು ಬೆನ್ನು ಕೆರೆದುಕೊಳ್ಳುತ್ತ.

"ಅಯ್ಯೋ, ನಾ ಕಡಿಯೂದಿಲ್ಲ ಮಾರ್ರೆ. ಇದು ಬರೀ..." ಎಂದು ಉದಯ ಬಾಯಿ ತೆರೆದ. ಮುಂದಿನ ಕೋಣೆಯ ಕಿಟಕಿ ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿಕೊಂಡ.

ಫೋನು ಮುಗಿಸಿ ಹೊರಬಂದ ಗುರುಶಾಂತವ್ವ ಈ ಗದ್ದಲ ನೋಡಿದಳು. ಉದಯನಿಗೆ ಜೀವ ಬಂತು. ಆದರೆ ಅವಳಿಗೆ ನೆನಪಾದದ್ದು ತನ್ನ ಪಾತ್ರ ಮಾತ್ರ. ಸೆರಗು ಒಡ್ಡಿ ಓಡಿಬಂದು ಅವನ ಕಾಲ ಬಳಿ ಕೂತಳು. "ಬ್ಯಾಡ್ರೀ ಯಪ್ಪಾ, ಕಡೀಬ್ಯಾಡ್ರಿ. ಕೂಸಿನಂಗ ಬೆಳೆಸೀನಿ. ಇನ್ನ ಮ್ಯಾಲೆ ಹೂ ಬಿಡತೈತ್ರಿ."

ಜನರ ಕಣ್ಣಲ್ಲಿ ನೀರು ಬಂತು. ಅರ್ಧ ಇರುವೆಗೆ, ಅರ್ಧ ಅವಳಿಗೆ.

"ಅಮ್ಮಾ, ನಿಜ ಹೇಳಿ ಇವ್ರಿಗೆ," ಎಂದು ಉದಯ ಬಗ್ಗಿ ಪಿಸುಗುಟ್ಟಿದ.

"ಸುಮ್ನಿರ್ರಿ. ಮರಕ್ಕ ಕೇಳಸತೈತಿ," ಎಂದು ಅವಳೂ ಪಿಸುಗುಟ್ಟಿ, ಮತ್ತೆ ದೊಡ್ಡ ದನಿಯಲ್ಲಿ ಅಳತೊಡಗಿದಳು. ಅಷ್ಟು ಚೆಂದದ ಪಾತ್ರವನ್ನು ಮಧ್ಯದಲ್ಲಿ ಬಿಡಲು ಅವಳಿಗೆ ಮನಸ್ಸಿರಲಿಲ್ಲ.

ವಿಡಿಯೋ ಓಣಿ ದಾಟಿ ಪೇಟೆ ಸೇರಿತ್ತು. ಉದಯನ ಕಿಸೆಯಲ್ಲಿ ಫೋನು ಅದುರಿತು. ನರ್ಸರಿಯ ಮಾಲಕ ಶಿವಲಿಂಗಪ್ಪ. "ಏನಪಾ, ಅಂಗಡ್ಯಾಗ ಸಸಿ ಮಾರತಿ, ಮನ್ಯಾಗ ಮರ ಕಡಿತಿ? ನಾಳೆಯಿಂದ ಬರಬ್ಯಾಡ," ಎಂದು ಇಟ್ಟುಬಿಟ್ಟರು. ಅದರ ಹಿಂದೆಯೇ, ಸುನೀಲ ಕರೆದ ಫಾರೆಸ್ಟ್ ಗಾರ್ಡ್ ಬೈಕಿನಲ್ಲಿ ಬಂದು ಇಳಿದರು.

"ಕಡಿಲಿಕ್ಕೆ ಪರವಾನಗಿ ಉಂಟಾ?"

ನಿಜ ಹೇಳಿದರೆ ಕೋಣೆ ಹೋಗುತ್ತದೆ, ಹೇಳದಿದ್ದರೆ ಕೆಲಸ. ಉದಯ ಗಾರ್ಡಿನ ತೋಳು ಹಿಡಿದು, ಮರಕ್ಕೆ ಕೇಳಿಸದಷ್ಟು ದೂರ, ರಸ್ತೆಯ ಆಚೆ ಬದಿಗೆ ಎಳೆದುಕೊಂಡು ಹೋಗಿ ಕಿವಿಯಲ್ಲಿ ಎಲ್ಲ ಹೇಳತೊಡಗಿದ.

"ನೋಡಿದ್ರಾ, ಎಲ್ಲರ ಎದುರೇ ಲಂಚ," ಎಂದ ಸುನೀಲ.

ಆ ಮಾತು ಕಿವಿಗೆ ಬಿದ್ದದ್ದೇ ಗಾರ್ಡು ಕೆಂಪಾಗಿ, ತೋಳು ಕೊಡವಿ ಅಂಗಳಕ್ಕೆ ಬಂದು, "ಲಂಚ ಅಲ್ಲ, ಎಂತದೂ ಅಲ್ಲ. ಇವ್ರು ಹೇಳೂದು, ಇದೆಲ್ಲ ಬರೀ ನಾ..." ಎಂದರು. ಉದಯ ಓಡಿಬಂದು ಅವರ ಬಾಯಿ ಒತ್ತಿ ಹಿಡಿದ. ಜನ ಹೋ ಎಂದರು. ಮರ ಕಡಿಯುವುದು ಸಾಲದೆಂದು ಈಗ ಸರಕಾರದ ಮೇಲೆ ಕೈ. ಒಳಗಿನಿಂದ ಬಂದ ಮಮತಾ ಆ ದೃಶ್ಯ ನೋಡಿ ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಆಗ ಮೇಲಿನಿಂದ ಒಂದು ದನಿ ಬಂತು. ಪಕ್ಕದ ಮಾಳಿಗೆ ಮನೆಯ ಜಯಾ ಟೀಚರು ಟೆರೇಸಿನ ಕಟ್ಟೆಗೆ ಒರಗಿ, ಕೈಯಲ್ಲಿ ಕಸಬರಿಗೆ ಹಿಡಿದು ನಿಂತಿದ್ದರು. ನಾಯಿಗಳ ಹೆದರಿಕೆಗೆ ಅವರ ವಾಕಿಂಗೆಲ್ಲ ಟೆರೇಸಿನ ಮೇಲೆಯೇ.

"ಕಡಿದು ಹಾಕಪ್ಪ ಒಂದ್ಸಲ," ಎಂದರು ಅವರು. "ಎರಡು ವಾರದಿಂದ ಇದರ ಹೂ ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಯ್ತು."

ಅಂಗಳದಲ್ಲಿದ್ದವರ ತಲೆಗಳೆಲ್ಲ ಒಟ್ಟಿಗೆ ಮೇಲಕ್ಕೆ ತಿರುಗಿದವು. ಇರುವೆಗಳೂ ಕಚ್ಚುವುದನ್ನು ನಿಲ್ಲಿಸಿದಂತಿತ್ತು. ಮರುಕ್ಷಣ ಎಲ್ಲರೂ ಜಯಾ ಟೀಚರ ಮೆಟ್ಟಿಲುಗಳ ಕಡೆ ಓಡಿದರು. ಗುರುಶಾಂತವ್ವನನ್ನು ಒಂದು ಕಡೆ ಉದಯ, ಇನ್ನೊಂದು ಕಡೆ ಗಾರ್ಡು ಹಿಡಿದು ಹತ್ತಿಸಿದರು.

ಬಿಸಿಲು ಹುಡುಕಿಕೊಂಡು ಆಚೆಗೆ ಬಾಗಿದ್ದ ಮರದ ಅರ್ಧ ನೆತ್ತಿ ಟೆರೇಸಿನ ಮೇಲೆ ಚಾಚಿತ್ತು. ಎಲೆಯೇ ಕಾಣದಷ್ಟು ಹೂ. ಜೇನುಗಳು ಗುಂಯ್‌ಗುಡುತ್ತಿದ್ದವು. ಗುರುಶಾಂತವ್ವ ಒಂದು ಗೊಂಚಲನ್ನು ಅಂಗೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಈ ಸಲ ಅವಳು ಅತ್ತದ್ದಕ್ಕೆ ದನಿಯಿರಲಿಲ್ಲ.

"ಮರ ನಂಬಿತು ನೋಡ್ರಿ," ಎಂದು ಕಣ್ಣೊರೆಸಿಕೊಂಡು, ಅವಳೇ ನಡೆದದ್ದನ್ನೆಲ್ಲ ಜನಕ್ಕೆ ಬಿಡಿಸಿ ಹೇಳಿದಳು.

"ಅಲ್ಲಮ್ಮಾ, ಇದು ಎರಡು ವಾರದ ಹಿಂದೇ ಬಿಟ್ಟ ಹೂ," ಎಂದರು ಗಾರ್ಡು.

"ಇವ್ರು ಕೊಡಲಿ ಹಿಡಿತಾರಂತ ಅದಕ್ಕ ಮೊದಲ ಗೊತ್ತಾಗಿತ್ರಿ."

ಮಧ್ಯಾಹ್ನದೊಳಗೆ ಎಲ್ಲ ಸರಿಹೋಯಿತು. ಸುನೀಲ ಹಳೆಯ ವಿಡಿಯೋ ಅಳಿಸಿ ಹೂವಿನ ವಿಡಿಯೋ ಹಾಕಿದ. ಶಿವಲಿಂಗಪ್ಪ ಫೋನು ಮಾಡಿ ನಾಳೆ ಬೇಗ ಬಾ ಎಂದರು. ಮಮತಾ ಮಿಶಿನ್ನನ್ನು ಒಲೆಯ ಬದಿಯಿಂದ ಬಾಗಿಲ ತನಕ ಎಳೆದು ತಂದೇ ಬಿಟ್ಟಳು. ಉದಯ ತಲೆ ಬಾಚಿಕೊಂಡು ಗುರುಶಾಂತವ್ವನ ಮುಂದೆ ಹೋಗಿ ನಿಂತ.

"ಅಮ್ಮಾ, ಆ ಮುಂದಿನ ಕೋಣೆ..."

"ಅದನ್ನ ಹೇಳಬೇಕಂತಿದ್ದೆ," ಎಂದಳು ಗುರುಶಾಂತವ್ವ, ಮುಖವೆಲ್ಲ ನಗೆಯಾಗಿ. "ಇಷ್ಟು ಹೂ ಕಾಯಿಗೆ ನಿಂತ್ರ ಹಣ್ಣು ಎಲ್ಲಿ ಹಾಕೂದ್ರಿ? ಆ ಖೋಲಿ ತುಂಬ ಹುಲ್ಲು ಹಾಸಬೇಕು. ಇನ್ನ ವರ್ಷಾ ವರ್ಷಾ ಅದು ಮಾವಿಗೇ ಬೇಕಾಗತೈತಿ." ಉದಯ ಏನೋ ಹೇಳಹೊರಟ. ಅವಳು ಪ್ರೀತಿಯಿಂದ ಅವನ ಭುಜ ತಟ್ಟಿದಳು. "ಹಾಂ, ಮಮತಾಗ ಹೇಳ್ರಿ, ಕಾಯಿ ಕೊಯ್ಯೂ ದೋಟಿಗೆ ಒಂದು ಗಟ್ಟಿ ಚೀಲ ಹೊಲಿದಿಡಾಕ. ಅವಸರ ಇಲ್ಲ, ಒಗ್ಗರಣಿ ವಾಸನಿ ಬಂದ್ರೂ ನಡೀತೈತಿ."