ಪೆಟ್ಟಿಗೆ ಕೊಂಡವರು ಪುರವರಕ್ಕೆ ಬಂದದ್ದು

ನಾನು ಕರೆಯುವುದಿಲ್ಲ, ಹುಡುಕಿಕೊಂಡೂ ಹೋಗುವುದಿಲ್ಲ. ಆದರೂ ಇಂಥ ಪ್ರಸಂಗಗಳು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿ ನೇರ ನನ್ನ ಮೇಜಿಗೇ ಬರುತ್ತವೆ.

ಅಂಗಡಿ ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದುಗಡೆ. ಯಜಮಾನರು ಸಿರಾದವರು, ನಾವು ಸಾಹೇಬರು ಅನ್ನುತ್ತೇವೆ. ವೈರು, ಸ್ವಿಚ್ಚು, ಮೋಟಾರ್ ಸ್ಟಾರ್ಟರು ಎಲ್ಲ ಅವರು ನೋಡಿಕೊಳ್ಳುತ್ತಾರೆ. ಮೂಲೆಯ ಮೇಜು ಮಾತ್ರ ನನ್ನದು. ಅದರ ಮೇಲೆ ಮಾತಾಡುವ ಪೆಟ್ಟಿಗೆ, ಹೇಳಿದರೆ ಹತ್ತುವ ಬಲ್ಬು, ಬಾಗಿಲಿಗೆ ಬಂದವರ ಮುಖ ನೋಡಿ ಹೆಸರು ಹೇಳುವ ಕ್ಯಾಮೆರಾ. ಎಲ್ಲವೂ ಬೆಂಗಳೂರಿನ ಒಂದು ಸಣ್ಣ ಕಂಪನಿಯ ಮಾಲು. ಮಾರುವುದು, ಮನೆಗೆ ಹೋಗಿ ಕೂರಿಸಿ ಕೊಡುವುದು, ಕೆಟ್ಟರೆ ಬೈಸಿಕೊಳ್ಳುವುದು ನನ್ನ ಕೆಲಸ. ಹತ್ತನೇ ಕ್ಲಾಸು ಓದಿದವಳಿಗೆ ಇದಕ್ಕಿಂತ ಬೇರೆ ಏನು ಬೇಕು? ಮೂರು ವರ್ಷದ ಮಗಳು ಮೇಜಿನ ಕೆಳಗೆ ರಟ್ಟಿನ ಡಬ್ಬದಲ್ಲಿ ಸಂಸಾರ ಹೂಡಿದ್ದಾಳೆ. ಮಗುವನ್ನು ಕರೆದುಕೊಂಡು ಬಾ ಅನ್ನುವ ಕೆಲಸ ಇಡೀ ಪೇಟೆಯಲ್ಲಿ ಇದೊಂದೇ ಸಿಕ್ಕಿದ್ದು.

ಒಂದು ಬೆಳಗ್ಗೆ ಸಾಹೇಬರು ಫೋನು ನೋಡುತ್ತಾ ಕೂತಿದ್ದವರು ಎದ್ದು ನಿಂತರು, ಮನೆಗೆ ದೊಡ್ಡವರು ಬಂದಾಗ ಏಳುವ ಹಾಗೆ. ನಮ್ಮ ಸಣ್ಣ ಕಂಪನಿಯನ್ನು ಸಾಗರದಾಚೆಯ ಒಂದು ದೈತ್ಯ ಕಂಪನಿ ಕೊಂಡುಬಿಟ್ಟಿತ್ತು. ಲೋಕದ ಫೋನುಗಳ ಒಳಗೆಲ್ಲ ತಾನೇ ಕೂತಿರುವ ಕಂಪನಿ ಅದು. ನಾನು ನನ್ನ ಮೇಜನ್ನು ಒಮ್ಮೆ ನೋಡಿದೆ. ಒಂದು ಕಾಲಿಗೆ ರಟ್ಟು ಮಡಚಿ ಇಟ್ಟಿರುವ ಈ ಮೇಜಿಗೂ ಅಷ್ಟು ದೂರದವರಿಗೂ ಈಗ ಸಂಬಂಧ ಬಂತಲ್ಲ ಅಂತ ಮೈ ಜುಮ್ಮೆಂದಿತು. ಬಟ್ಟೆ ತಂದು ಒರೆಸಿದೆ.

ಜುಮ್ಮೆಂದದ್ದು ಮಧ್ಯಾಹ್ನದವರೆಗೆ. ಮಧ್ಯಾಹ್ನ ಇನ್ನೊಂದು ಸುದ್ದಿ ಬಂತು. ಕಂಪನಿಯ ಹೊಸ ಯಜಮಾನರು ಎಲ್ಲ ಅಂಗಡಿಗಳ ಗಿರಾಕಿಗಳನ್ನೂ ಪರೀಕ್ಷೆ ಮಾಡುತ್ತಾರಂತೆ. ಇಲ್ಲದ ಮನೆ, ಇಲ್ಲದ ಜನ ತೋರಿಸಿದ ಅಂಗಡಿಗೆ ಇನ್ನು ಮಾಲು ಕೊಡುವುದಿಲ್ಲವಂತೆ.

"ಮಾಲು ನಿಂತ್ರೆ ಮೇಜೂ ಎತ್ಬೇಕಾಯ್ತದೆ ಕಣಮ್ಮ," ಅಂದರು ಸಾಹೇಬರು, ಬೇಜಾರಿನಿಂದಲೇ.

ಮೇಜು ಹೋದರೆ ನಾನು ಹೋದೆ, ಮೇಜಿನ ಕೆಳಗಿನ ಸಂಸಾರವೂ ಹೋಯಿತು. ಯಾರ ಮನೆಯಲ್ಲೂ ಎಡವಟ್ಟು ಇಲ್ಲ ಅಂತ ನೋಡಿಕೊಂಡು ಬರಲು ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟೆ.

ಹಗ್ಗ

ಮೆಟ್ಟಿಲು ಇಳಿಯುವ ಮೊದಲೇ ಒಬ್ಬರು ಬಂದರು. ಕೊರಟಗೆರೆ ಕಡೆಯ ತಾತ, ಹೋದ ಯುಗಾದಿಗೆ ಮಾತಾಡುವ ಪೆಟ್ಟಿಗೆ ಕೊಂಡವರು. ಚೀಲಕ್ಕೆ ಕೈ ಹಾಕಿ ಪೆಟ್ಟಿಗೆಯ ವೈರನ್ನು ತೆಗೆದರು. ಅಂದವಾಗಿ ಸುತ್ತಿ ಗಂಟು ಹಾಕಿದ್ದರು. ಪೆಟ್ಟಿಗೆ ತಂದಿರಲಿಲ್ಲ. ಕೆಟ್ಟಿದೆಯಾ ಅಂತ ಕೇಳಿದೆ. ಚೆನ್ನಾಗಿದೆ, ಆದರೆ ಕಂಪನಿ ಮಾರಾಟ ಆಗಿದೆಯಲ್ಲ ಅಂದರು.

ನಮ್ಮ ಕಡೆ ಹಸು ಮಾರಿದರೆ ಹಸುವನ್ನು ಮಾತ್ರ ಕೊಡುತ್ತಾರೆ. ಕೊರಳ ಹಗ್ಗ ಬಿಚ್ಚಿ ಮಾರಿದವರೇ ಇಟ್ಟುಕೊಳ್ಳುತ್ತಾರೆ. ಹಗ್ಗವನ್ನೂ ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿ ಅದರ ಹಿಂದೆಯೇ ಹೊರಟುಹೋಗುತ್ತಾಳೆ ಅಂತ ನಂಬಿಕೆ.

"ಮಾರಿದ ಆ ಬೆಂಗ್ಳೂರು ಹುಡುಗ್ರು ಇನ್ನೂ ಚಿಕ್ಕವ್ರು, ಅವ್ರಿಗೆ ಇದೆಲ್ಲ ಯಾರು ಹೇಳವ್ರೆ? ಹಗ್ಗ ಅವ್ರಿಗೇ ತಲುಪಿಸ್ಬುಡಮ್ಮ. ಅವ್ರ ಮನೆ ತುಂಬ್ಕಂಡಿರ್ಲಿ."

ವೈರಿಲ್ಲದೆ ಪೆಟ್ಟಿಗೆ ಮಾತಾಡುವುದಿಲ್ಲವಲ್ಲ ತಾತ ಅಂದೆ. ಅದಕ್ಕೂ ಅವರು ತಯಾರಾಗಿ ಬಂದಿದ್ದರು.

"ಕೊಂಡವ್ನು ಹೊಸ ಹಗ್ಗ ತರ್ಬೇಕು. ಲೋಕದಲ್ಲೇ ದೊಡ್ಡ ಕಂಪನಿ ಅಂತೀರಿ, ಒಂದು ಹಗ್ಗ ತರಾಕೆ ಆಗಲ್ವಾ?"

ಸಾಹೇಬರು ಹೊಸ ವೈರು ಕೊಟ್ಟು ಕಳಿಸಿದರು. ಹಳೆಯದು ಇವತ್ತಿಗೂ ಅಂಗಡಿಯ ಮೊಳೆಗೆ ನೇತಾಡುತ್ತಿದೆ. ಸಾಗರದಾಚೆಯವರು ಪಾಪ, ಹಗ್ಗವಿಲ್ಲದೆ ಹಸು ಹೊಡೆದುಕೊಂಡು ಹೋಗಿದ್ದಾರೆ.

ಮೊದಲ ದಿನದ ಮರ್ಯಾದೆ

ಸಿರಾದಲ್ಲಿ ಸಾಹೇಬರ ಚಿಕ್ಕಮ್ಮ ಇದ್ದಾರೆ, ಎಲ್ಲರಿಗೂ ಖಾಲಾ. ಅವರ ಮನೆಯ ದೀಪ ಹತ್ತಿದ ಕೂಡಲೇ ಆರುತ್ತದೆ ಅಂತ ದೂರು. ಹೋಗಿ ನೋಡಿದೆ. ಬಲ್ಬು ಸರಿಯಿತ್ತು, ಪೆಟ್ಟಿಗೆ ಸರಿಯಿತ್ತು. ಹಾಗಾದರೆ ನೀವು ಹೇಗೆ ಹೇಳುತ್ತೀರಿ, ಒಮ್ಮೆ ಹೇಳಿ ತೋರಿಸಿ ಅಂದೆ. ಖಾಲಾ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಪೆಟ್ಟಿಗೆಯ ಮುಂದೆ ಕೂತರು.

"ಬೇಟಿ, ನಿಂಗೆ ಪುರುಸೊತ್ತಿದ್ರೆ ಜರಾ ದೀಪ ಹಾಕು. ತೊಂದ್ರೆ ಆಗೋದಾದ್ರೆ ಬೇಡ."

'ದೀಪ ಹಾಕು' ಅಂದಾಗ ದೀಪ ಹತ್ತಿತು. 'ಬೇಡ' ಅಂದಾಗ ಆರಿತು.

ಪೆಟ್ಟಿಗೆಗೆ ಇಷ್ಟೆಲ್ಲ ಮರ್ಯಾದೆ ಬೇಡ ಖಾಲಾ, 'ದೀಪ ಹಾಕು' ಅಂತ ಅಷ್ಟೇ ಹೇಳಿ ಅಂದೆ. ಅವರ ಮುಖ ಸಣ್ಣದಾಯಿತು. ಬಂದು ಇನ್ನೂ ನಾಲ್ಕು ದಿನ ಆಗಿಲ್ಲ, ಒಂದು ಲೋಟ ನೀರು ಕೂಡ ಕುಡಿದಿಲ್ಲ, ಅಂಥ ಹೆಣ್ಣುಮಗುವಿನ ಕೈಲಿ ದಬಾಯಿಸಿ ಕೆಲಸ ಮಾಡಿಸುವುದು ಹೇಗೆ ಅಂತ ಕೇಳಿದರು. ಇಷ್ಟು ದೊಡ್ಡ ಮನಸ್ಸು ಯಾರಿಗೆ ಬರುತ್ತದೆ ಅಂತ ನನಗೆ ಕಣ್ಣೇ ತುಂಬಿ ಬಂತು. ಅಷ್ಟರಲ್ಲಿ ಅಡುಗೆಮನೆಯಿಂದ ಸೊಸೆಯ ದನಿ ಬಂತು.

"ಅಕ್ಕಾ, ನಾನು ಬಂದಿಳಿದ ದಿನಾನೇ ಬಿರಿಯಾನಿ ಪಾತ್ರೆ ತಿಕ್ಕಿದೀನಿ. ಜರಾ ಕೇಳಿ, ನಾನೂ ಪೆಟ್ಟಿಗೇಲೇ ಬಂದಿದ್ರೆ ಚೆನ್ನಾಗಿತ್ತಾ ಅಂತ."

ತಿಳಿಯದ ಭಾಷೆ

ಪಾವಗಡದ ಕ್ಯಾತಗಾನಚೆರ್ಲಿನಲ್ಲಿ ಒಂದು ಮನೆ. ಜಮೀನನ್ನು ಸೋಲಾರಿಗೆ ಕೊಟ್ಟ ಮೇಲೆ ಅತ್ತೆ, ಸೊಸೆ ಇಬ್ಬರಿಗೂ ಹೊಲದ ಕೆಲಸ ತಪ್ಪಿತು, ಮನೆಯಲ್ಲಿ ಜಗಳಕ್ಕೆ ಹೊತ್ತು ಸಿಕ್ಕಿತು. ಪೆಟ್ಟಿಗೆಯನ್ನೂ ಬಾಗಿಲಿಗೆ ಕ್ಯಾಮೆರಾವನ್ನೂ ಕೂರಿಸಿದ ದಿನ ಯಾರೋ ಅವರಿಗೆ ಹೇಳಿದ್ದರು, ಪೆಟ್ಟಿಗೆ ಕೇಳಿಸಿಕೊಂಡದ್ದನ್ನೆಲ್ಲ ಕಂಪನಿಗೆ ಒಪ್ಪಿಸುತ್ತದೆ ಅಂತ. ಆ ಪೆಟ್ಟಿಗೆಗೆ ಬರುತ್ತಿದ್ದದ್ದು ಕನ್ನಡ ಒಂದೇ. ಹಾಗಾಗಿ ಇಬ್ಬರೂ ಮಾತಿಲ್ಲದೆಯೇ ಒಂದು ಒಪ್ಪಂದಕ್ಕೆ ಬಂದರು. ಕನ್ನಡದಲ್ಲಿ "ಅತ್ತೆ, ಎದ್ದು ಊಟ ಮಾಡಿ," "ಮೊದ್ಲು ನೀನು ಮಾಡಮ್ಮ." ಬೈಗುಳವೆಲ್ಲ ತೆಲುಗಿನಲ್ಲಿ. ಕಂಪನಿಯ ಲೆಕ್ಕದಲ್ಲಿ ಅಂಥ ಅನ್ಯೋನ್ಯದ ಮನೆ ಇನ್ನೊಂದಿರಲಿಕ್ಕಿಲ್ಲ.

ದೈತ್ಯ ಕಂಪನಿ ಬಂದ ಮೇಲೆ ಪೆಟ್ಟಿಗೆ ತಾನಾಗಿಯೇ ಹೊಸ ಪಾಠ ಕಲಿತುಕೊಂಡಿತು. ಒಂದು ಬೆಳಗ್ಗೆ ಸೊಸೆ ತೆಲುಗಿನಲ್ಲಿ ಏನೋ ಅಂದಾಗ ಪೆಟ್ಟಿಗೆ ತೆಲುಗಿನಲ್ಲೇ "ಚೆಪ್ಪಂಡಿ" ಅಂದಿತಂತೆ, ಹೇಳಿ, ಕೇಳಿಸಿಕೊಳ್ಳುತ್ತಿದ್ದೇನೆ ಅನ್ನುವ ಹಾಗೆ. ಅಲ್ಲಿಂದ ಮನೆ ಗಪ್‌ಚಿಪ್.

ನಾನು ಹೋದಾಗ ಮಾವ ಜಗುಲಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಮದುವೆಯಾದ ಮೇಲೆ ಮೊದಲ ಸಲ ಹಕ್ಕಿ ಕೂಗುವುದು ಕೇಳಿಸುತ್ತಿದೆ ಅಂದರು. ಆ ದೊಡ್ಡ ಕಂಪನಿಯ ದಿಕ್ಕು ಯಾವುದು ಅಂತ ಕೇಳಿ ಆ ಕಡೆಗೆ ಕೈ ಮುಗಿದರು. ನನಗೂ ಕೈ ಮುಗಿಯಬೇಕು ಅನ್ನಿಸಿತು. ನಮ್ಮ ಮನೆಯಲ್ಲಿ ಇರುವವರಿಗೆ ಬರುವುದು ಒಂದೇ ಭಾಷೆ, ಅದರಲ್ಲೇ ಎಲ್ಲ ಮುಗಿಸಿಕೊಳ್ಳಬೇಕು.

ಹೊರಡುವಾಗ ಅತ್ತೆ ಬಸ್ಸಿನವರೆಗೂ ಜೊತೆಯಲ್ಲಿ ಬಂದರು. ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು ಕಿವಿಯಲ್ಲಿ ಕೇಳಿದರು.

"ಅಮ್ಮಾ, ಬಾಗಿಲ ಕ್ಯಾಮೆರಾಕ್ಕೆ ಕೈಸನ್ನೆ ಅರ್ಥ ಆಗುತ್ತಾ? ಆಗೋದಾದ್ರೆ ಈಗ್ಲೇ ಹೇಳ್ಬುಡು. ಎರಡು ದಿನದಿಂದ ನಾವು ಅಂಗೇ ನಡೆಸ್ತಾ ಇದೀವಿ."

ಪುರವರದ ದೊಡ್ಡ ಮನೆ

ಎಲ್ಲ ಮನೆಯೂ ಸರಿಯಿದೆ ಅಂತ ನೆಮ್ಮದಿಯಿಂದ ಕೂತಿದ್ದಾಗ ಫೋನು ಬಂತು. ಹೊಸ ಕಂಪನಿಯ ಆಫೀಸರು. ಪುರವರದಲ್ಲಿ ನಾವು ಕ್ಯಾಮೆರಾ ಹಾಕಿದ ಒಂದು ಮನೆಯ ಮೇಲೆ ಅನುಮಾನ ಬಂದಿದೆ ಅಂದರು. ಗಿರಾಕಿಗಳ ಮುಖ, ಹೆಸರು ಅವರು ನೋಡುವ ಹಾಗಿಲ್ಲವಂತೆ, ಎಷ್ಟು ಜನ ಅಂತ ಮಾತ್ರ ಕಾಣುತ್ತದಂತೆ. ಆ ಮನೆಯಲ್ಲಿ ಒಂದು ಬಸ್ಸು ತುಂಬುವಷ್ಟು ಜನ. ಬೆಳಗ್ಗೆ ಎಲ್ಲರೂ ಒಟ್ಟಿಗೆ ಹೊರಗೆ ಹೋಗುತ್ತಾರೆ, ಸಂಜೆ ಎಲ್ಲರೂ ಒಟ್ಟಿಗೆ ಮನೆಗೆ ಬರುತ್ತಾರೆ, ಒಬ್ಬರೂ ಒಂದು ದಿನವೂ ಊರಿಗೆ ಹೋಗುವುದಿಲ್ಲ. ಇಂಥ ಕುಟುಂಬ ನಮ್ಮ ಕಂಪನಿಗೆ ಲೋಕದಲ್ಲಿ ಎಲ್ಲೂ ಇಲ್ಲ, ನಾಳೆ ಬಂದು ನೋಡುತ್ತೇನೆ ಅಂದರು.

ಸಾಹೇಬರು ನನ್ನ ಮುಖ ನೋಡಿದರು. ನಾನು ಡಬ್ಬದೊಳಗಿನ ಮಗಳ ಮುಖ ನೋಡಿದೆ. ಆ ಕುಟುಂಬವನ್ನು ಪೆಟ್ಟಿಗೆಗೆ ಸೇರಿಸಿದವಳು ನಾನೇ, ಅದು ಲೆಕ್ಕಕ್ಕೆ ಬರುತ್ತದೆ ಅಂತ ಮಾತ್ರ ಹೊಳೆದಿರಲಿಲ್ಲ. ಅವರೆಲ್ಲ ಕುರಿಗಳು.

ಅಲ್ಲಿನ ಅಜ್ಜಿಗೆ ಕಣ್ಣಿಗೆ ಪೊರೆ ಬಂದಿದೆ. ಸಂಜೆಯಾದರೆ ಮಂಜು. ಹಟ್ಟಿಗೆ ಯಾವ ಕುರಿ ಬಂತು, ಯಾವುದು ಬೇರೆಯವರ ಮಂದೆಗೆ ಸೇರಿಕೊಂಡಿತು ಅಂತ ಕಾಣುವುದಿಲ್ಲ. ಮುಖ ನೋಡಿ ಹೆಸರು ಹೇಳುವ ಕ್ಯಾಮೆರಾ ಇದೆ ಅಂತ ಕೇಳಿ ಅಂಗಡಿಗೆ ಬಂದಳು. ಅದು ಮನುಷ್ಯರಿಗೆ ಅಜ್ಜಿ ಅಂದೆ. "ಮುಖ ಇಲ್ದಿರೋವು ಅಂದ್ಕಂಡ್ಯಾ ನಮ್ಮವನ್ನ?" ಅಂದಳು. ಹೋಗಿ ಹಟ್ಟಿಯ ಬಾಗಿಲಿಗೆ ಕ್ಯಾಮೆರಾ, ಅದರ ಜೊತೆಗೆ ಮಾತಾಡುವ ಪೆಟ್ಟಿಗೆ ಕೂರಿಸಿದೆ. 'ಮನೆಯವರನ್ನು ಸೇರಿಸಿ' ಅಂತ ಪೆಟ್ಟಿಗೆ ಕೇಳಿತು. ಅಜ್ಜಿ ಒಂದೊಂದನ್ನೇ ಗದ್ದ ಹಿಡಿದು, ಮದುವೆಹೆಣ್ಣಿನ ಮುಖ ತೋರಿಸುವ ಹಾಗೆ ತೋರಿಸಿ ಹೆಸರು ಹೇಳಿದಳು. ಕರಿಕಿವಿ, ಚುಕ್ಕಿ, ಕೆಂಪಿ, ಸೆರಗು ಎಳೆಯುವ ಚೇಷ್ಟೆಯ ಗೌರಿ.

ಆಗಲಿಕ್ಕಿಲ್ಲ ಅಂತಲೇ ನಾನು ಅಂದುಕೊಂಡಿದ್ದೆ. ಆ ಸಂಜೆ ಧೂಳಿನಲ್ಲಿ ಮೊದಲ ಕುರಿ ಬಾಗಿಲಿಗೆ ಬಂದಾಗ ಪೆಟ್ಟಿಗೆ, "ಕರಿಕಿವಿ ಅವರು ಬಂದಿದ್ದಾರೆ," ಅಂದಿತು. ಆಮೇಲೆ ಚುಕ್ಕಿ ಅವರು, ಆಮೇಲೆ ಕೆಂಪಿ ಅವರು. ಅಜ್ಜಿ ಕಾಣದ ಕಣ್ಣು ಅಗಲ ಮಾಡಿ, ಎರಡೂ ಕೈ ಜೋಡಿಸಿ ನಿಂತಿದ್ದಳು.

ಒಂದೇ ಒಂದು ಗುರುತಿಗೆ ಸಿಗಲಿಲ್ಲ. ಕುರಿಗಳ ಜೊತೆಗೆ ಒಂದು ಗಡ್ಡದ ಹೋತ ಇತ್ತು, ಹೆಸರು ಪಾಳೇಗಾರ. ಕ್ಯಾಮೆರಾದ ಮುಂದೆ ನಿಲ್ಲಿಸಿದರೆ ತಲೆ ಒದರುತ್ತಿತ್ತು. ಹಾಗಾಗಿ ಅದು ಬಂದಾಗಲೆಲ್ಲ ಪೆಟ್ಟಿಗೆ, "ಎಚ್ಚರಿಕೆ, ಗುರುತಿಲ್ಲದ ವ್ಯಕ್ತಿ ಬಾಗಿಲಲ್ಲಿದ್ದಾರೆ," ಅಂತ ಕೂಗಿಕೊಳ್ಳುತ್ತಿತ್ತು. ಹೋತ ಸಿಟ್ಟಿಗೆದ್ದು ಕಂಬಕ್ಕೆ ಗುದ್ದುತ್ತಿತ್ತು. ಹುಟ್ಟಿದ ಮನೆಯಲ್ಲೇ ದಿನಾ ಹಾಗೆ ಅನ್ನಿಸಿಕೊಂಡರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಮನೆಯವರೆಲ್ಲ

ಮಾರನೇ ಸಂಜೆ ಆಫೀಸರು ಕಾರಿನಲ್ಲಿ ಅಂಗಡಿಗೆ ಬಂದು ನನ್ನನ್ನೂ ಹತ್ತಿಸಿಕೊಂಡರು. ವಯಸ್ಸು ಚಿಕ್ಕದು, ಗದ್ದದ ತುದಿಯಲ್ಲಿ ಮಾತ್ರ ಚೂಪಾದ ಗಡ್ಡ. ಅವರೆಲ್ಲ ಕುರಿಗಳು ಅಂತ ದಾರಿಯುದ್ದಕ್ಕೂ ನಾನು ಹೇಳಬೇಕು ಅಂದುಕೊಂಡೆ, ಕೊನೆಗೂ ಹೇಳಲಿಲ್ಲ. ಹಟ್ಟಿಯ ಮುಂದೆ ಅಜ್ಜಿ, ಅವಳ ಸೊಸೆ ಇಬ್ಬರೇ. ಉಳಿದವರೆಲ್ಲ ಎಲ್ಲಿ ಅಂತ ಆಫೀಸರು ಕೇಳಿದರು.

"ಮೇಯಾಕೆ ಹೋಗವ್ರೆ, ಬತ್ತಾರೆ. ಕುತ್ಕಳ್ಳಿ," ಅಂದಳು ಅಜ್ಜಿ.

ಅವರು ನನ್ನ ಕಡೆ ತಿರುಗಿ ಏನು ಅಂದರು ಅಂತ ಕೇಳುವಷ್ಟರಲ್ಲಿ ಧೂಳು ಎದ್ದಿತು. ಕರಿಕಿವಿ ಅವರು ಬಂದಿದ್ದಾರೆ. ಚುಕ್ಕಿ ಅವರು ಬಂದಿದ್ದಾರೆ. ಆಫೀಸರು ಕೂತಲ್ಲಿಂದ ನಿಧಾನವಾಗಿ ಎದ್ದರು. ಗೌರಿ ಅವರು ಬಂದು ಅವರ ಅಂಗಿಯ ತುದಿ ಎಳೆದು ಒಳಗೆ ಹೋದರು. ಕುರಿಗಳೆಲ್ಲ ಒಳಗೆ ಹೋದ ಮೇಲೆ ಆಫೀಸರು ನಂಬಿಕೆಯಾಗದೆ ತಾವೇ ಬಾಗಿಲ ಹತ್ತಿರ ಹೋಗಿ ಕ್ಯಾಮೆರಾಕ್ಕೆ ಮುಖ ಕೊಟ್ಟು ನೋಡಿದರು.

"ಎಚ್ಚರಿಕೆ, ಗುರುತಿಲ್ಲದ ವ್ಯಕ್ತಿ ಬಾಗಿಲಲ್ಲಿದ್ದಾರೆ."

ಪೆಟ್ಟಿಗೆ ಕೊಂಡ ಕಂಪನಿಯವರನ್ನೇ ಪೆಟ್ಟಿಗೆ ಬಾಗಿಲಲ್ಲಿ ನಿಲ್ಲಿಸಿತು. ನನ್ನ ಮೇಜು ಎತ್ತಿ ಗಾಡಿಗೆ ಹಾಕುವುದು ನನಗೆ ಕಣ್ಣಿಗೆ ಕಟ್ಟಿದ ಹಾಗಾಯಿತು. ಅಜ್ಜಿ ಮಾತ್ರ ಬೇಜಾರು ಮಾಡಿಕೊಂಡಳು. ಮನೆಗೆ ಬಂದವರಿಗೆ ಇಂಥ ಮಾತು ಅನ್ನಿಸಬಾರದು, ಮೊದಲು ಇವರನ್ನೂ ಮನೆಯವರಿಗೆ ಸೇರಿಸು ಅಂತ ನನಗೆ ಗದರಿದಳು. ಗದ್ದ ಹಿಡಿಯಲು ಕೈಯನ್ನೂ ಚಾಚಿದಳು. ಆಫೀಸರು ತಾವೇ ಮುಖ ಎತ್ತಿ ಸುಮ್ಮನೆ ನಿಂತರು. ಹೆಸರು ಕೇಳಲು ಧೈರ್ಯ ಸಾಲದೆ 'ಆಫೀಸರ್' ಅಂತಲೇ ಸೇರಿಸಿದೆ.

ಎಲ್ಲರೂ ಬಂದ ಮೇಲೆ, ಯಾವತ್ತಿನಂತೆ ಕೊನೆಗೆ, ಯಾರ ಹಂಗೂ ಇಲ್ಲದವನ ಹಾಗೆ ಪಾಳೇಗಾರ ನಡೆದು ಬಂತು. ಬಾಗಿಲಲ್ಲಿ ನಿಂತು ಗಡ್ಡ ಎತ್ತಿ ಕ್ಯಾಮೆರಾವನ್ನು ದಿಟ್ಟಿಸಿತು. ಪೆಟ್ಟಿಗೆ ಸ್ವಲ್ಪ ಹೊತ್ತು ಯೋಚಿಸಿತು.

"ಆಫೀಸರ್ ಅವರು ಬಂದಿದ್ದಾರೆ."

ಆಫೀಸರು ಹೋತವನ್ನು ನೋಡಿದರು. ಹೋತ ಆಫೀಸರನ್ನು ನೋಡಿತು. ಆಫೀಸರ ಕೈ ತಾನಾಗಿಯೇ ಗಡ್ಡಕ್ಕೆ ಹೋಯಿತು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಕೊನೆಗೆ ಅವರೇ ನಕ್ಕರು, ನಕ್ಕು ನಕ್ಕು ಕಲ್ಲಿನ ಮೇಲೆ ಕೂತರು. ನಮ್ಮ ಕಂಪನಿಯಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ, ಇದೇನಮ್ಮ ನೀವು ಮಾಡಿರೋದು ಅಂತ ಕುರಿಗಳ ಕಡೆಯೇ ನೋಡುತ್ತಾ ಅಂದರು. ಅಲ್ಲಿಂದಲೇ ತಮ್ಮ ಮೇಲಿನವರಿಗೆ ಫೋನು ಮಾಡಿ, ಕುಟುಂಬ ದೊಡ್ಡದು ನಿಜ, ನಾನು ಕಣ್ಣಾರೆ ನೋಡಿದೆ, ಎಲ್ಲರೂ ಮನೆಗೆ ಬಂದಿದ್ದಾರೆ, ಅಂಗಡಿಯ ತಪ್ಪಿಲ್ಲ ಅಂತ ಹೇಳಿದರು.

ನನಗೆ ಆ ಹೋತಕ್ಕೆ ಅಡ್ಡ ಬೀಳಬೇಕು ಅನ್ನಿಸಿತು.

ಕಾರು ಹತ್ತುವಾಗ ಆಫೀಸರು, ಆ ಹೆಸರೊಂದನ್ನು ತೆಗೆದುಬಿಡುತ್ತೀರಾ ಅಂತ ಮೆಲ್ಲಗೆ ಕೇಳಿದರು. ಅಜ್ಜಿ ಒಪ್ಪಲಿಲ್ಲ. ಇಷ್ಟು ದಿನಕ್ಕೆ ಇವತ್ತು ತಾನೇ ನಮ್ಮ ಹೋತನನ್ನು ಮನೆಯವನು ಅಂದಿರುವುದು, ಅದರ ಹೊಟ್ಟೆ ಉರಿಸಬೇಡಿ ಅಂದಳು.

ಹೀಗಾಗಿ ಮೇಜು ಉಳಿಯಿತು, ಅದರ ಕೆಳಗಿನ ಸಂಸಾರವೂ ಉಳಿಯಿತು. ಪುರವರದಲ್ಲಿ ಈಗಲೂ ಸಂಜೆ ಕೊನೆಗೆ ಪೆಟ್ಟಿಗೆ ಬಲು ಗೌರವದಿಂದ, "ಆಫೀಸರ್ ಅವರು ಬಂದಿದ್ದಾರೆ," ಅನ್ನುತ್ತದೆ. ಅಜ್ಜಿ ಕೂತಲ್ಲಿಂದಲೇ ಸೊಸೆಗೆ ಕೂಗಿ ಹೇಳುತ್ತಾಳೆ:

"ಆಫೀಸರ್ ಬಂದ್ರು ಕಣಮ್ಮಿ. ಎರಡೂ ಕೊಂಬು ಹಿಡ್ದು ಗೂಟಕ್ಕೆ ಕಟ್ಟಾಕು."