ಅಕ್ಕನ ನಾರಿಗೆ ನನ್ನ ಮಿರ್ಚಿಯ ಎಣ್ಣೆ

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ: ನಮ್ಮ ದೊಡ್ಡಪ್ಪನ ಮಗಳ ಸಂಶೋಧನೆಯ ಮೂರು ತಿಂಗಳ ದುಡಿಮೆಗೆ ನಾನು ಕೈ ಒರೆಸಿದೆ. ಗಾಂಧಿ ಚೌಕದಲ್ಲಿ ಮಿರ್ಚಿ ಭಜಿ ತಿಂದ ಕೈ! ಆದರೆ ಟಿಶ್ಯೂ ಕಾಗದದ ಹಾಗೆ ಬೆಳ್ಳಗೆ, ಮೆತ್ತಗೆ ಇದ್ದದ್ದನ್ನು ಲ್ಯಾಬಿನ ಮೇಜಿನ ಮೇಲೆ ಬಿಟ್ಟವಳು ಯಾರು?

ಅದು ನ್ಯಾನೋ ನಾರಿನ ಹಾಳೆಯಂತೆ. ಅಂಟು ದ್ರಾವಣಕ್ಕೆ ಸಾವಿರಾರು ವೋಲ್ಟ್ ಕೊಟ್ಟು ಸೂಜಿಯ ತುದಿಯಿಂದ ಎಳೆದ ಎಳೆಗಳು. ಒಂದು ಕೂದಲನ್ನು ನೂರಾಗಿ ಸೀಳಿದರೂ ಅಷ್ಟು ತೆಳ್ಳಗಾಗದು. ಶಾಕ್ ಹೊಡೆದೀತೆಂದು ಅಕ್ಕ ಆ ಎಳೆ ತೆಗೆಯುವ ಯಂತ್ರದ ಮುಂದೆ ಕಳ್ಳಬೆಕ್ಕಿನ ಹಾಗೆ ನಡೆಯುತ್ತಾಳೆ. ಆ ನಡಿಗೆಯನ್ನು ಬಳಗದ ಎಲ್ಲ ಮದುವೆಗಳಲ್ಲೂ ಮಾಡಿ ತೋರಿಸಿದ್ದೇನೆ. ಚಪ್ಪಾಳೆ ನನಗೆ, ಗುದ್ದೂ ನನಗೇ.

"ಇದರಾಗ ಏನ್ ಹಿಡೀತಿಬೇ ಯಕ್ಕಾ, ಸೊಳ್ಳಿ?"

"ಪುಂಡ ಆಕ್ಸಿಜನ್ ಲೇ! ಜೀವಕ್ಕ ತ್ರಾಸ ಆದ್ರ ಒಳಗಿನ ಆಕ್ಸಿಜನ್ ತಲಿ ಕೆಟ್ಟು ಸಿಕ್ಕಿದ್ದನ್ನೆಲ್ಲ ಕಚ್ಚಾಕ ಹೊಂಡತೈತಿ, ಥೇಟ್ ನಿನ್ನಂಗ. ಅದು ಈ ನಾರಿಗೆ ತಾಗಿದ್ರ ಸಣ್ಣ ಕರೆಂಟ್ ಹರೀತೈತಿ, ಮೀಟರ್ ಚಾಡಿ ಹೇಳತೈತಿ."

ದ್ರಾಕ್ಷಿ ಎಲೆ ಹಳದಿಯಾಗುವ ಮೊದಲೇ ಬಳ್ಳಿಯ ಸಂಕಟ ತಿಳಿಯಬೇಕೆಂಬುದು ಅವಳ ಹಟ. ತಿಕೋಟಾದ ತೋಟದವರು ಗೊಂಚಲು ಕೊಡಲು ಬಂದರೆ ಬೇಡವೆಂದು ಎಲೆ ಕೇಳಿದಳು. ಅವರೆಂದರು: "ಹಣ್ಣ ಬಿಟ್ಟು ಎಲಿ ಕೇಳಾವ್ರು ಇಬ್ರನ್ನ ನೋಡೇನಿ ತಂಗಿ. ಒಂದು ನಮ್ಮ ಆಡು, ಇನ್ನೊಂದು ನೀ!"

ಇನ್ನು ನನ್ನ ಎಣ್ಣೆ. ಮರುದಿನವೇ ಅವಳ ಪಿಎಚ್.ಡಿ ವೈವಾ, ಉಳಿದದ್ದು ಅದೊಂದೇ ಹಾಳೆ. ಪರೀಕ್ಷಕರ ಮುಂದೆ ಮೀಟರ್ ಸುಮ್ಮನಿದ್ದರೆ ನಾಲ್ಕು ವರ್ಷ ನೀರುಪಾಲು! ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಅವಳೋ ಕತ್ತರಿ ತಂದು, ಎಣ್ಣೆ ತಾಗದ ಮೂಲೆಯಿಂದ ಎರಡು ಪಟ್ಟಿ ಕತ್ತರಿಸಿಕೊಂಡಳು. ಆಮೇಲೆ ಎಣ್ಣೆ ಮೆತ್ತಿದ್ದನ್ನೂ ಪರೀಕ್ಷಿಸಿ ಬರೆದಿಟ್ಟಳು. ಇಂಥವಳು ನಮ್ಮ ಮನೆಯ ಮಗಳು ನೋಡಿ!

ವೈವಾದಲ್ಲಿ ನಾನು ಕೊನೆಯ ಬೆಂಚು. ಬಿಸಿಲಿಗೆ ಬಾಡಿದ ಎಲೆಯ ರಸ ಪಟ್ಟಿಯ ಮೇಲೆ ಒಂದು ಹನಿ ಬಿತ್ತು. ಮೀಟರಿನ ಪರದೆಯಲ್ಲಿ ಗೆರೆ ಜಿಗಿದೆದ್ದಿತು! ಪರೀಕ್ಷಕರು ಬಿಡಲಿಲ್ಲ. "ತೋಟದಲ್ಲಿ ಕೊಳಕು ಕೈ ತಾಗಿದರೆ?"

"ಎಣ್ಣಿಗೈ ತಾಗಿದ್ರ ಕೆಲಸ ಮಾಡೂದಿಲ್ರಿ ಸರ್. ಅದನ್ನೂ ನೋಡೇನಿ," ಎಂದು ಅಕ್ಕ ಇನ್ನೊಂದು ಗೆರೆ ತೋರಿಸಿದಳು. ಚಪ್ಪಟೆ!

ಸೋತದ್ದನ್ನೂ ಮುಚ್ಚಿಡದವಳನ್ನು ಕಂಡು ಪರೀಕ್ಷಕರ ಮುಖ ಅರಳಿತು. "ಅದು ಯಾರ ಕೈ?"

ನಾನು ಎದ್ದು ನಿಂತೆ. ಎಲ್ಲರೂ ನಕ್ಕರು.

"ಇಂಥವರನ್ನು ಲ್ಯಾಬಿನೊಳಗೆ ಯಾಕಮ್ಮ ಬಿಟ್ಟೆ?"

ಅಕ್ಕ ನಗಲಿಲ್ಲ. "ನಾಕ್ ವರ್ಷ ಬಬಲೇಶ್ವರದ ಮನೀಂದ ದಿನಾ ನನಗ ಬುತ್ತಿ ತಂದಾನ್ರಿ ಸರ್. ಇವನ್ನ ಹೊರಗ ನಿಲ್ಲಿಸಿದ್ರ, ನಾನೂ ಒಳಗ ಇರ್ತಿದ್ದಿಲ್ರಿ."